ಕೆಂಪುಕಲ್ಲಿನ ರಾಜಧಾನಿ: ಅಹಮದ್ ಶಾ ವಲಿ ಬಹಮನಿ

ಜಹೀರಾಬಾದಿನಿಂದ ಬೀದರಿನ ಕಡೆಗೆ ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಮಣ್ಣಿನ ಕೆಂಪು ಬಣ್ಣ. ರಸ್ತೆಗಾಗಿ ಕಡಿದ ದಿಣ್ಣೆಗಳ ಮೈಯಲ್ಲಿ ಹುಳು ಕೊರೆದಂತೆ ತೂತುಗಳಿಂದ ತುಂಬಿದ ಜಂಬಿಟ್ಟಿಗೆ ಕಲ್ಲು ಕಾಣಿಸುತ್ತದೆ. ಮಂಜೀರಾ ನದಿಯನ್ನು ದಾಟಿ ನಾರಾಯಣಖೇಡದತ್ತ ನಡೆದರೆ ಕೆಂಪು ಮರೆಯಾಗಿ ಎರೆಭೂಮಿಯೂ ಅದರಡಿಯ ಕರಿಕಲ್ಲೂ ಎದುರಾಗುತ್ತವೆ. ದಕ್ಷಿಣಕ್ಕೆ, ಕಾಗಿಣಾ ನದಿಯ ದಂಡೆಯ ತಾಂಡೂರಿಗೆ ಇಳಿದರೆ ಮತ್ತೊಂದು ಲೋಕ. ಅಲ್ಲಿ ನೆಲವೇ ಪದರಪದರವಾಗಿ ಏಳುವ ಸುಣ್ಣಕಲ್ಲು. ಕಲಬುರಗಿ ಸೀಮೆಯ ಮನೆಮನೆಗಳ ಅಂಗಳಕ್ಕೆ ಹಾಸಿರುವ ಫರಸಿ ಇದೇ ಜಾತಿಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಬದಲಾದರೂ ಕಲ್ಲು ಬದಲಾಗಲಿಲ್ಲ, ಮನೆಮಾತೂ ಪೂರ್ತಿ ಬದಲಾಗಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಯಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ.

ಮೂರು ಬಗೆಯ ಕಲ್ಲುಗಳು, ಮೂರು ಭಾಷೆಗಳು ಕೂಡುವ ಈ ಸೀಮೆಯ ನಡುವೆ, ಹದಿನೈದನೆಯ ಶತಮಾನದ ಎರಡನೆಯ ಪಾದದಲ್ಲಿ, ಒಂದು ಹೊಸ ರಾಜಧಾನಿಯನ್ನು ಎಬ್ಬಿಸಿದವನು ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾ. ಚರಿತ್ರೆಯ ಪುಸ್ತಕಗಳಲ್ಲಿ ಅವನ ಹೆಸರು ಯುದ್ಧಗಳ ಪಟ್ಟಿಯೊಂದಿಗೆ ಬರುತ್ತದೆ. ಜನರ ನೆನಪಿನಲ್ಲಿ ಅವನು ಉಳಿದಿರುವುದು ವಲಿ ಎಂದು, ಸಂತ ಎಂದು. ಇವೆರಡರ ನಡುವೆ ಮೂರನೆಯ ಅಹಮದ್ ಶಾ ಒಬ್ಬನಿದ್ದಾನೆ. ನೀರಿಲ್ಲದ ಪ್ರಸ್ಥಭೂಮಿಯ ಅಂಚಿನಲ್ಲಿ, ಕೆತ್ತನೆಗೆ ಒಗ್ಗದ ಕಲ್ಲಿನಲ್ಲಿ ಊರು ಕಟ್ಟಲು ಹೊರಟವನು ಅವನು.

ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ದೌಲತಾಬಾದಿನಲ್ಲಿ ಹುಟ್ಟಿದ ಈ ರಾಜ್ಯ ಬೇಗನೆ ಕಲಬುರಗಿಗೆ ಬಂದು ನೆಲೆನಿಂತಿತು. ಅಹಮದನ ಅಣ್ಣ ಫಿರೋಜ್ ಶಾ 1397ರಿಂದ 1422ರವರೆಗೆ ಆಳಿದನು. ಫಿರೋಜ್ ವಿದ್ಯಾವಂತ, ಹಲವು ಭಾಷೆಗಳನ್ನು ಬಲ್ಲವನು, ಕಟ್ಟಡಗಳ ಮೋಹಿ. ಭೀಮಾ ನದಿಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಅರಮನೆಯೂರನ್ನು ಕಟ್ಟಿಸಿದವನು ಅವನೇ. ಕಲ್ಲು ಹತ್ತಿರ, ನದಿ ಇನ್ನೂ ಹತ್ತಿರ. ಅನುಕೂಲಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೂ ಆ ಊರು ಕಟ್ಟಿದವನ ಆಯುಷ್ಯಕ್ಕಿಂತ ಬಹಳ ಕಾಲ ಬಾಳಲಿಲ್ಲ. ಇಂದು ಅಲ್ಲಿರುವುದು ಹೊಲಗಳ ನಡುವಿನ ಹಾಳುಗೋಡೆಗಳು. ತಮ್ಮನು ಆರಿಸಿಕೊಂಡದ್ದು ಇದಕ್ಕೆ ತದ್ವಿರುದ್ಧವಾದ ನೆಲ.

ಅಣ್ಣನ ಆಳ್ವಿಕೆಯ ಬಹುಕಾಲ ಅಹಮದ್ ಅವನ ಬಲಗೈಯಾಗಿದ್ದನು. ಪಾನಗಲ್ಲಿನ ಮುತ್ತಿಗೆ ವಿಫಲವಾಗಿ ವಿಜಯನಗರದ ಸೈನ್ಯದ ಮುಂದೆ ಸೋತ ಮೇಲೆ ಫಿರೋಜನ ಆರೋಗ್ಯ ಕುಸಿಯಿತು, ಆಡಳಿತ ಮಂತ್ರಿಗಳ ಕೈಗೆ ಜಾರಿತು. ಮಗನಾದ ಹಸನ್ ಖಾನನೇ ಪಟ್ಟಕ್ಕೆ ಬರಬೇಕೆಂಬುದು ಫಿರೋಜನ ಬಯಕೆ. ಕಲಬುರಗಿಯಲ್ಲಿ ನೆಲೆಸಿದ್ದ ಸೂಫಿ ಸಂತ ಖ್ವಾಜಾ ಬಂದೇನವಾಜ ಗೇಸುದರಾಜರ ಒಲವು ಅಹಮದನ ಕಡೆಗಿತ್ತು. ತಮ್ಮನ ಕಣ್ಣು ಕೀಳಿಸಬೇಕೆಂಬ ಸಂಚು ಅರಮನೆಯಲ್ಲಿ ನಡೆಯಿತು. ಸುಳಿವು ಸಿಕ್ಕ ಅಹಮದ್ ಕೆಲವೇ ಸವಾರರೊಂದಿಗೆ ಊರು ಬಿಟ್ಟನು. ಅವನ ಬೆನ್ನಿಗೆ ನಿಂತವನು ಬಸರಾದಿಂದ ಬಂದಿದ್ದ ಖಲಫ್ ಹಸನ್ ಎಂಬ ವ್ಯಾಪಾರಿ. ದಾರಿಯಲ್ಲಿ ಸಿಕ್ಕ ಹೇರೆತ್ತುಗಳ ಮೇಲೆ ಧ್ವಜಗಳನ್ನು ಕಟ್ಟಿ ನಿಲ್ಲಿಸಿ, ದೂರದಿಂದ ನೋಡಿದವರಿಗೆ ದೊಡ್ಡ ಸೈನ್ಯವೆಂಬ ಭ್ರಮೆ ಹುಟ್ಟಿಸಿದ ಉಪಾಯ ಅವನದೇ ಎಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಪಲ್ಲಕ್ಕಿಯಲ್ಲಿ ರಣರಂಗಕ್ಕೆ ಬಂದ ರೋಗಿ ಫಿರೋಜ್ ಕೊನೆಗೆ ಕೋಟೆಯ ಬಾಗಿಲನ್ನು ತೆರೆಸಿ ತಮ್ಮನಿಗೆ ರಾಜ್ಯವನ್ನು ಒಪ್ಪಿಸಿದನು. 1422ರ ಸೆಪ್ಟೆಂಬರಿನಲ್ಲಿ ಅಹಮದ್ ಸಿಂಹಾಸನವೇರಿದನು. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡನು. ಅದೇ ವರ್ಷ ಬಂದೇನವಾಜರೂ ಕಣ್ಮುಚ್ಚಿದರು. ಅಣ್ಣನ ಮಗನನ್ನು ಕೊಲ್ಲಿಸದೆ, ಜೀವನೋಪಾಯ ಕೊಟ್ಟು ಬಿಟ್ಟದ್ದು ಆ ಕಾಲದ ಅರಮನೆಗಳ ರೂಢಿಗೆ ಹೊರತಾದ ನಡೆ.

ಆದರೆ ವಿಜಯನಗರದ ಮೇಲೆ ಅವನು ನಡೆಸಿದ ದಂಡಯಾತ್ರೆಯಲ್ಲಿ ಇಂಥ ಉದಾರತೆಯನ್ನು ಹುಡುಕುವಂತಿಲ್ಲ. ತುಂಗಭದ್ರೆಯನ್ನು ದಾಟಿದ ಅವನ ಸೈನ್ಯ ಹಳ್ಳಿಗಳನ್ನು ಸುಟ್ಟಿತು, ಜನರನ್ನು ಕೊಂದಿತು. ಅವನನ್ನು ಹೊಗಳಲೆಂದೇ ಬರೆದವರೂ ಈ ಕ್ರೌರ್ಯವನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ದಾಖಲಿಸಿದರು. ಇದೇ ಯಾತ್ರೆಯಲ್ಲಿ ಬೇಟೆಯ ಬೆನ್ನಟ್ಟಿ ಸೈನ್ಯದಿಂದ ದೂರವಾದ ಸುಲ್ತಾನನನ್ನು ವಿಜಯನಗರದ ಸವಾರರು ಸುತ್ತುವರಿದರಂತೆ. ಓಡಿದ ಅವನಿಗೆ ಆಶ್ರಯವಾದದ್ದು ದನ ಕಟ್ಟುವ ಒಂದು ಮಣ್ಣುಗೋಡೆಯ ಹಟ್ಟಿ. ನೆರವಿನ ಪಡೆ ಬರುವವರೆಗೆ ಆ ಮಣ್ಣುಗೋಡೆಯೇ ಅವನ ಪ್ರಾಣವನ್ನು ಕಾಯಿತು. ಮುಂದೆ ದಖ್ಖನ್ನಿನ ಅತ್ಯಂತ ಬಲವಾದ ಕೋಟೆಗಳಲ್ಲೊಂದನ್ನು ಕಟ್ಟಿಸಿದವನ ಬದುಕಿನಲ್ಲಿ ಈ ಪ್ರಸಂಗಕ್ಕೆ ಇರುವ ಅರ್ಥವನ್ನು ಫೆರಿಸ್ತಾ ಗಮನಿಸಿದಂತಿಲ್ಲ.

ಆಳ್ವಿಕೆಯ ಮೊದಲ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. ಬರ ಮುಂದುವರಿದಾಗ ಜನರ ಗೊಣಗಾಟ ಸುಲ್ತಾನನ ಕಾಲ್ಗುಣದ ಮೇಲೆ ತಿರುಗಿತು. ಅಹಮದ್ ಒಂದು ಗುಡ್ಡವನ್ನೇರಿ ಪ್ರಾರ್ಥನೆ ಮಾಡಿದನೆಂದೂ ಆಗ ಮೋಡ ಕವಿದು ಮಳೆ ಸುರಿಯಿತೆಂದೂ ಕಥೆ. ವಲಿ ಎಂಬ ಬಿರುದು ಅಂದಿನಿಂದ ಅವನಿಗೆ ಅಂಟಿಕೊಂಡಿತು. ಕಥೆಯನ್ನು ನಂಬಲಿ ಬಿಡಲಿ, ಅದು ಹುಟ್ಟಿದ ಸನ್ನಿವೇಶ ನಿಜವಾದದ್ದು. ಈ ಸೀಮೆಯಲ್ಲಿ ಅರಸನ ಅದೃಷ್ಟವನ್ನು ಅಳೆಯುತ್ತಿದ್ದುದು ನೀರಿನಿಂದ.

ಕಲಬುರಗಿಯಲ್ಲಿ ಅಣ್ಣನ ಕಾಲದ ಬಣಗಳು, ಅಣ್ಣನ ಕಾಲದ ನೆನಪುಗಳು ತುಂಬಿದ್ದವು. ವಾರಂಗಲ್ಲು ಕೈವಶವಾದ ಮೇಲೆ ರಾಜ್ಯ ಪೂರ್ವಕ್ಕೆ ಚಾಚಿತು. ಕಲಬುರಗಿ ಒಂದು ಮೂಲೆಗೆ ಸರಿಯಿತು. ಕನ್ನಡ, ಮರಾಠಿ, ತೆಲುಗು ಸೀಮೆಗಳು ಸಂಧಿಸುವ ಎಡೆಯಲ್ಲಿ, ಎತ್ತರದ ಪ್ರಸ್ಥಭೂಮಿಯ ಮೇಲೆ ಬೀದರು ಇತ್ತು. ಅಲ್ಲಿಯ ಹವೆ ತಂಪು, ಅಲ್ಲಿಂದ ಎಲ್ಲ ಪ್ರಾಂತಗಳಿಗೂ ದಾರಿ ಸುಲಭ. ಬೇಟೆಗೆ ಹೋದಾಗ ನಾಯಿಗಳು ಅಟ್ಟಿಸಿಕೊಂಡು ಹೋದ ನರಿಯೊಂದು ತಿರುಗಿ ನಾಯಿಗಳ ಮೇಲೆಯೇ ಬಿದ್ದುದನ್ನು ಕಂಡು ಸುಲ್ತಾನನು ಆ ನೆಲವನ್ನು ಮೆಚ್ಚಿದನೆಂಬ ಐತಿಹ್ಯವೂ ಇದೆ. ಇಂಥ ಕಥೆ ದಕ್ಷಿಣದ ಎಷ್ಟೋ ರಾಜಧಾನಿಗಳಿಗೆ ಇದೆ. ವಿಜಯನಗರದ ಮೊಲ ಎಲ್ಲರಿಗೂ ಗೊತ್ತಿರುವುದೇ. ಬೀದರಿನ ಕೋಟೆಯೊಳಗಿನ ಸೋಲಾ ಖಂಬ ಮಸೀದಿ 1423-24ರಷ್ಟು ಹಿಂದಿನದು, ರಾಜಕುಮಾರ ಮಹಮ್ಮದನು ಅಲ್ಲಿ ಅಧಿಕಾರದಲ್ಲಿದ್ದಾಗ ಕಟ್ಟಿದ್ದು. ಎಂದರೆ ಸ್ಥಳಾಂತರ ಒಂದು ದಿನದ ತೀರ್ಮಾನವಲ್ಲ. ಕೋಟೆಯ ಕೆಲಸ ಮುಗಿದದ್ದು 1432ರ ವೇಳೆಗೆ. ಹೊಸ ರಾಜಧಾನಿಗೆ ಮುಹಮ್ಮದಾಬಾದ್ ಎಂದು ಹೆಸರಿಟ್ಟರು. ಜನ ಮಾತ್ರ ಬೀದರು ಎಂದೇ ಕರೆದರು.

ಇನ್ನು ಕಲ್ಲಿನ ವಿಚಾರ. ಬೀದರಿನಿಂದ ಜಹೀರಾಬಾದಿನವರೆಗೆ ಹಬ್ಬಿರುವ ಕೆಂಪುಕಲ್ಲು ಕರಾವಳಿಯವರು ಮುರಕಲ್ಲು ಎಂದು ಕರೆಯುವ ಕಲ್ಲಿನ ದಾಯಾದಿ. ನೆಲದಲ್ಲಿದ್ದಾಗ ಅದು ಮೆತ್ತಗಿರುತ್ತದೆ. ಗುದ್ದಲಿ, ಹಾರೆಗಳಿಗೆ ಬಗ್ಗುತ್ತದೆ. ಅಗೆದು ಹೊರತೆಗೆದು ಗಾಳಿಬಿಸಿಲಿಗೆ ಒಡ್ಡಿದರೆ ಒಣಗಿ ಗಟ್ಟಿಯಾಗುತ್ತದೆ. ಕಲ್ಲು ಒಡೆಯುವವನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಶಿಲ್ಪಿಗೆ ಇದರಷ್ಟು ಹಟಮಾರಿ ಕಲ್ಲೂ ಬೇರೆ ಇಲ್ಲ. ಮೈಯೆಲ್ಲ ತೂತು, ಉಳಿಯಿಟ್ಟರೆ ಅಂಚು ಉದುರುತ್ತದೆ, ಹೊಳಪು ಕೂರುವುದಿಲ್ಲ, ಒಂದು ಬಳ್ಳಿಯನ್ನಾಗಲಿ ಒಂದು ಅಕ್ಷರವನ್ನಾಗಲಿ ಅದರ ಮೇಲೆ ಬಿಡಿಸಲಾಗದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನುಣುಪು ಕಲ್ಲಿನ ಮೇಲೆ ಹೂ ಅರಳಿಸಿದ ಕಸುಬಿನವರ ವಂಶದವರು ಸುತ್ತಲ ಸೀಮೆಯಲ್ಲಿಯೇ ಇದ್ದಿರಬೇಕು. ಆ ಕೈಗಳಿಗೆ ಬೀದರಿನ ನೆಲದಲ್ಲಿ ಸಿಕ್ಕಿದ್ದು ಇಂಥ ಕಲ್ಲು.

ಇದಕ್ಕೆ ಕಂಡುಕೊಂಡ ಪರಿಹಾರ ಕೋಟೆಯನ್ನು ಸುತ್ತಿದವರಿಗೆ ತಾನಾಗಿ ತಿಳಿಯುತ್ತದೆ. ಕಲ್ಲನ್ನು ದೂರದಿಂದ ಹೊತ್ತು ತರುವ ಬದಲು, ಗೋಡೆ ಏಳಬೇಕಾದ ಜಾಗದ ಎದುರಿಗೇ ಕಲ್ಲುಗಣಿ ತೆರೆದರು. ಅಗೆದ ಹಳ್ಳವೇ ಕಂದಕವಾಯಿತು, ಅಗೆದು ತೆಗೆದ ಕಲ್ಲೇ ಗೋಡೆಯಾಯಿತು. ನೈಸರ್ಗಿಕ ಇಳಿಜಾರಿನ ರಕ್ಷಣೆಯಿಲ್ಲದ ಕಡೆ ಒಂದಲ್ಲ, ಒಂದರ ಹಿಂದೊಂದು ಮೂರು ಕಂದಕಗಳು. ಅವುಗಳ ನಡುವಿನ ಗೋಡೆಗಳನ್ನು ಕಟ್ಟಿದ್ದಲ್ಲ; ಅಗೆಯುವಾಗ ನೆಲದ ಬಂಡೆಯನ್ನೇ ಗೋಡೆಯಂತೆ ಉಳಿಸಿಕೊಂಡದ್ದು. ಮೆತ್ತಗಿನ ಕಲ್ಲೆಂಬ ದೋಷವನ್ನೇ ಗುಣವಾಗಿ ತಿರುಗಿಸಿದ ಯೋಜನೆ ಇದು. ಗಟ್ಟಿ ಕಣಶಿಲೆಯ ಮೇಲೆ ಕುಳಿತ ಊರಿನಲ್ಲಿ ಇದನ್ನು ಯೋಚಿಸುವಂತೆಯೂ ಇರಲಿಲ್ಲ. ಹಾರೆ ಹಿಡಿದವರು ಈ ನೆಲದ ಮಕ್ಕಳು. ಅವರಲ್ಲಿ ಒಬ್ಬರ ಹೆಸರೂ ಯಾವ ಶಾಸನದಲ್ಲಿಯೂ ಬರಲಿಲ್ಲ. ಕಮಾನಿನ ಮೇಲೆ ಪದ್ಯ ಬರೆದವನ ಹೆಸರು ಉಳಿಯಿತು, ಕಮಾನು ನಿಂತ ಬಂಡೆಯನ್ನು ಕಡಿದವನ ಹೆಸರು ಉಳಿಯಲಿಲ್ಲ.

ಕೆತ್ತನೆ ಬೇಕಾದಲ್ಲಿ ಕರಿಕಲ್ಲನ್ನು ಬಳಸಿದರು. ಬಾಗಿಲ ಚೌಕಟ್ಟು, ಕಮಾನಿನ ಅಂಚು, ಕಂಬದ ಪೀಠ ಇಂಥ ಕಡೆ ಮಾತ್ರ ಅದು ಕಾಣುತ್ತದೆ. ಪ್ರಸ್ಥಭೂಮಿಯ ಕೆಂಪು ಹೊದಿಕೆ ಮುಗಿದು ಇಳಿಜಾರು ಶುರುವಾಗುವಲ್ಲಿ, ನಾರಾಯಣಖೇಡದ ಕಡೆ ಕಾಣುವ ಈ ಕರಿಕಲ್ಲೇ ಬುಡದಲ್ಲಿದೆ. ಕಡಿಯುವುದು ಕಷ್ಟ, ಸಾಗಿಸುವುದು ಇನ್ನೂ ಕಷ್ಟ, ಆದ್ದರಿಂದ ಮಿತವ್ಯಯ. ತಾಂಡೂರಿನ ಫರಸಿ ಎತ್ತಿನ ಗಾಡಿಗೆ ಹಲವು ದಿನಗಳ ದಾರಿ. ಇಂದು ಬೀದರಿನ ಗೋಡೆಗಳಲ್ಲಿ ಕಣ್ಣಿಗೆ ಕಾಣುವುದು ಕೆಂಪು ಮತ್ತು ಕಪ್ಪು, ಮೇಲೆ ಗಚ್ಚಿನ ಬಿಳುಪು.

ಗಚ್ಚು ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ, ಅನಿವಾರ್ಯವಾಗಿ ಬಂದದ್ದು. ತೂತುಗಲ್ಲನ್ನು ಹಾಗೆಯೇ ಬಿಟ್ಟರೆ ಅರಮನೆಯ ಗೋಡೆ ದನದ ಕೊಟ್ಟಿಗೆಯಂತೆ ಕಾಣುತ್ತದೆ, ಮಳೆನೀರನ್ನೂ ಹೀರುತ್ತದೆ. ಸೋಲಾ ಖಂಬದ ದುಂಡು ಕಂಬಗಳ ಗಾತ್ರವನ್ನು ನೋಡಿದವರು ಬೆರಗಾಗುತ್ತಾರೆ. ಆ ಗಾತ್ರಕ್ಕೆ ಕಾರಣ ವೈಭವದ ಆಸೆಯಷ್ಟೇ ಅಲ್ಲ, ಗಾರೆಕಟ್ಟಡದ ಕಂಬ ತೆಳ್ಳಗಿದ್ದರೆ ಭಾರ ಹೊರಲಾರದೆಂಬ ಲೆಕ್ಕವೂ ಹೌದು. ಗಚ್ಚಿಗೆ ಸುಣ್ಣ ಬೇಕು, ಕೆಂಪುಕಲ್ಲಿನಲ್ಲಿ ಸುಣ್ಣವಿಲ್ಲ. ಎರೆಭೂಮಿಯಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಆಯ್ದು ಗೂಡಿನಲ್ಲಿ ಸುಡುವುದು ದಖ್ಖನ್ನಿನ ಹಳೆಯ ಪದ್ಧತಿ. ಸುಡಲು ಸೌದೆ ಬೇಕು, ತಣಿಸಲು ನೀರು ಬೇಕು, ಅರೆಯಲು ಎತ್ತು ಬೇಕು, ಕೊಳೆಹಾಕಲು ಕಾಲ ಬೇಕು. ಒಂದು ರಾಜಧಾನಿಗೆ ಬೇಕಾಗುವಷ್ಟು ಸುಣ್ಣವೆಂದರೆ ಸುತ್ತಲ ಹಳ್ಳಿಗಳ ಎತ್ತುಗಳು, ಅಡವಿಗಳು, ಆಳುಗಳು ಎಲ್ಲವೂ ವರ್ಷಗಟ್ಟಲೆ ಅತ್ತ ತಿರುಗಬೇಕು.

ನೀರಿನ ಸಮಸ್ಯೆ ಕಲ್ಲಿಗಿಂತ ದೊಡ್ಡದು. ಕೆಂಪುಕಲ್ಲು ಮಳೆನೀರನ್ನು ಜರಡಿಯಂತೆ ಕೆಳಗಿಳಿಸುತ್ತದೆ. ಮೇಲ್ಮೈಯಲ್ಲಿ ನೀರು ನಿಲ್ಲದು. ಬಾವಿ ತೋಡಿದರೆ ಬಹಳ ಆಳಕ್ಕೆ ಹೋಗಬೇಕು. ಆದರೆ ಕೆಳಗಿನ ಕರಿಕಲ್ಲು ನೀರನ್ನು ಬಿಡುವುದಿಲ್ಲ. ಎರಡೂ ಕೂಡುವ ಎಡೆಯಲ್ಲಿ ನೀರು ಸಂಗ್ರಹವಾಗಿ ಪ್ರಸ್ಥಭೂಮಿಯ ಬುಡದಲ್ಲಿ ಝರಿಗಳಾಗಿ ಹೊರಬರುತ್ತದೆ. ನರಸಿಂಹ ಝರಣಿ, ಗುರುನಾನಕ ಝೀರಾಗಳು ಇದಕ್ಕೆ ಸಾಕ್ಷಿ. ಈ ಅಡಗಿದ ನೀರನ್ನು ಊರಿಗೆ ತರಲು ಇರಾನಿನ ಕಾರೇಜು ಪದ್ಧತಿ ಬೀದರಿಗೆ ಬಂದಿತು. ಸಣ್ಣ ಇಳಿಜಾರಿನ ಸುರಂಗವನ್ನು ನೆಲದಡಿ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನಿಳಿಸಿ, ಅವುಗಳ ಮೂಲಕ ಮಣ್ಣು ಹೊರಹಾಕಿ, ಗಾಳಿ ಒಳಗೆ ಬಿಟ್ಟು, ನೀರು ತಾನಾಗಿ ಹರಿಯುವಂತೆ ಮಾಡುವ ವಿಧಾನ ಅದು. ನೌಬಾದಿನ ಕಾರೇಜು ಎರಡು ಕಿಲೋಮೀಟರಿಗೂ ಉದ್ದವಾಗಿದೆ. ಪರ್ಷಿಯದಿಂದ ಬಂದವರಿಗೆ ವಿದ್ಯೆ ಗೊತ್ತಿತ್ತು, ಆದರೆ ಈ ಕಲ್ಲು ಗೊತ್ತಿರಲಿಲ್ಲ. ಈ ಕಲ್ಲು ಗೊತ್ತಿದ್ದವರಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಸುರಂಗದೊಳಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬದೆ ಗತಿಯಿರಲಿಲ್ಲ. ಅಗೆದ ಮೇಲೆ ಗಟ್ಟಿಯಾಗುವ ಕೆಂಪುಕಲ್ಲಿನ ಗುಣ ಇಲ್ಲಿಯೂ ನೆರವಿಗೆ ಬಂದು, ಸುರಂಗಗಳು ಕುಸಿಯದೆ ನಿಂತವು.

ನೆಲದಡಿಯ ಈ ಹೊಂದಾಣಿಕೆ ನೆಲದ ಮೇಲೆ ಉಳಿಯಲಿಲ್ಲ. ಬಂದೇನವಾಜರ ನಂತರ ಅಹಮದ್ ಶಾ ಕಿರ್ಮಾನ್ ಸೀಮೆಯ ಶಾ ನಿಅಮತುಲ್ಲಾ ವಲಿಯ ಅನುಗ್ರಹವನ್ನು ಬೇಡಿದನು. ಆ ಸಂತರ ಮೊಮ್ಮಗ ನೂರುಲ್ಲಾ ಬೀದರಿಗೆ ಬಂದಾಗ ಸುಲ್ತಾನನು ತಾನೇ ಎದುರುಗೊಂಡನು. 1431ರಲ್ಲಿ ಸಂತರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಕೂಡ ಇಲ್ಲಿಗೆ ಬಂದರು. ಬರುಬರುತ್ತ ಇರಾನ್, ಇರಾಕ್, ಖುರಾಸಾನಗಳಿಂದ ಕವಿಗಳು, ಲಿಪಿಕಾರರು, ಹೆಂಚುಗಾರರು, ಸೈನಿಕರು ಸಾಲಾಗಿ ಬಂದರು. ಕೆತ್ತನೆಗೆ ಒಗ್ಗದ ಗೋಡೆಗೆ ಬಣ್ಣದ ಮೆರುಗುಹೆಂಚನ್ನು ಹೊದಿಸುವ ಕಲೆ ಅವರದು. ತಖ್ತ್ ಮಹಲಿನ ಕಮಾನುಗಳ ಮೇಲೆ ಅದರ ಚೂರುಗಳು ಇಂದಿಗೂ ಅಂಟಿಕೊಂಡಿವೆ, ಸೂರ್ಯ ಮತ್ತು ಸಿಂಹದ ಲಾಂಛನವೂ ಅಲ್ಲಿದೆ. ಖುರಾಸಾನದ ಕವಿ ಆಜರಿ ಈ ಅರಮನೆಯನ್ನು ಹೊಗಳಿ ಪದ್ಯ ರಚಿಸಿದನು. ಅದನ್ನು ಕಲ್ಲಿನಲ್ಲಿ ಬರೆಸಿ ಗೋಡೆಗೆ ಕೂರಿಸಿದರು. ಕವಿ ದೊಡ್ಡ ಬಹುಮಾನ ಪಡೆದು ತನ್ನ ಊರಿಗೆ ಮರಳಿದನು. ಬೀದರಿನ ಬಿದರಿ ಕಲೆಯ ಮೂಲವನ್ನೂ ಪರಂಪರೆ ಈ ವಲಸೆಗೇ ಸೇರಿಸುತ್ತದೆ. ಆ ಕಸುಬಿನವರು ಲೋಹವನ್ನು ಕಪ್ಪಾಗಿಸಲು ಬಳಸುವುದು ಇದೇ ಹಳೆಯ ಕೋಟೆಯ ಮಣ್ಣನ್ನು.

ಹೊರಗಿನಿಂದ ಬಂದವರಿಗೆ ಸಿಕ್ಕ ಪದವಿಗಳನ್ನು ಕಂಡು ಮೊದಲಿನಿಂದ ಇಲ್ಲಿ ನೆಲೆಸಿದ್ದ ದಖ್ಖನಿ ಸರದಾರರು ಕುದಿದರು. ಬಸರಾದ ವ್ಯಾಪಾರಿ ಖಲಫ್ ಹಸನನು ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಪಡೆದು ಸೇನೆಯನ್ನು ನಡೆಸಿದನು. ಗುಜರಾತಿನ ಸೈನ್ಯದೆದುರು ಮಾಹೀಮಿನಲ್ಲಿ ಸೋತಾಗ ಎರಡೂ ಬಣಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದವು. ಗೋಡೆ ಕಟ್ಟುವಲ್ಲಿ ದೂರದ ಹೆಂಚನ್ನೂ ಕಾಲಡಿಯ ಕಲ್ಲನ್ನೂ ಬೆಸೆದ ಸುಲ್ತಾನನಿಗೆ ದರಬಾರಿನಲ್ಲಿ ಅದೇ ಕೆಲಸ ಕೈಗೂಡಲಿಲ್ಲ. ಅವನು ಬಿತ್ತಿದ ಈ ವೈರ 1481ರಲ್ಲಿ ಮಹಮೂದ್ ಗವಾನನ ತಲೆಯನ್ನು ಬಲಿ ತೆಗೆದುಕೊಂಡಿತು. ರಾಜ್ಯ ಒಡೆದು ಐದಾಗುವುದಕ್ಕೂ ದಾರಿಮಾಡಿತು.

1436ರಲ್ಲಿ ಅಹಮದ್ ಶಾ ತೀರಿಕೊಂಡನು. ಬೀದರಿನ ಪೂರ್ವಕ್ಕೆ ಅಷ್ಟೂರಿನ ಬಯಲಿನಲ್ಲಿ ಅವನ ಸಮಾಧಿಯಿದೆ. ಹೊರಗೆ ದಪ್ಪ ಗೋಡೆ, ಗುಮ್ಮಟ. ಒಳಗೆ ಕಾಲಿಟ್ಟರೆ ಕುಂಕುಮಗೆಂಪು, ನೀಲಿ, ಚಿನ್ನದ ಬಣ್ಣಗಳಲ್ಲಿ ಬರೆದ ಚಿತ್ತಾರ ಮತ್ತು ಬರಹ. ಕಲ್ಲಿನಲ್ಲಿ ಸಾಧ್ಯವಾಗದ್ದನ್ನೆಲ್ಲ ಗಚ್ಚಿನ ಮೇಲೆ ಬಣ್ಣದಲ್ಲಿ ಸಾಧಿಸಿದಂತಿದೆ. ಪಕ್ಕದಲ್ಲಿ ಸುಲ್ತಾನ ಹುಮಾಯೂನನ ಸಮಾಧಿಗೆ ಸಿಡಿಲು ಬಡಿದು ಗುಮ್ಮಟದ ಬಹುಭಾಗ ಉದುರಿಹೋಗಿದೆ; ಕಟ್ಟಡದ ಒಳಗುಟ್ಟನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಸಿಡಿಲು ಮಾಡಿಕೊಟ್ಟ ಪಾಠ ಅದು.

ಅಹಮದ್ ಶಾನ ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಸೀಮೆಯಿಂದ ಜಂಗಮರೊಬ್ಬರು ಫಕೀರರ ವೇಷದಲ್ಲಿ, ಭಕ್ತರ ಮೆರವಣಿಗೆಯೊಂದಿಗೆ ಬಂದು ಸಮಾಧಿಗೆ ಪೂಜೆ ಸಲ್ಲಿಸುವ ಸಂಪ್ರದಾಯವಿದೆ. ಲಿಂಗಾಯತ ಭಕ್ತರು ಈ ಸುಲ್ತಾನನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತಾರೆ. ಅಹಮದ್ ಶಾನ ಸಮಕಾಲೀನನಾದ ವಿಜಯನಗರದ ಪ್ರೌಢದೇವರಾಯನ ಆಶ್ರಯದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದನೆಂಬುದನ್ನು ಕನ್ನಡ ವಿದ್ಯಾರ್ಥಿಗಳು ಓದಿರುತ್ತಾರೆ. ತುಂಗಭದ್ರೆಯ ಆಚೆ ಅಲ್ಲಮನು ಕಾವ್ಯದ ನಾಯಕನಾದ ಕಾಲದಲ್ಲಿಯೇ, ಈಚೆ ಅದೇ ರಾಜ್ಯದ ಹಳ್ಳಿಗಳನ್ನು ಸುಟ್ಟ ಅರಸನೊಬ್ಬ ಮುಂದೆ ಅಲ್ಲಮನ ಹೆಸರಿನಲ್ಲಿ ಪೂಜೆಗೊಳ್ಳುವ ಹಾದಿಯಲ್ಲಿದ್ದನು. ಜನ ಯಾವುದನ್ನು ಮರೆತು ಯಾವುದನ್ನು ಉಳಿಸಿಕೊಳ್ಳುತ್ತಾರೆಂಬುದು ಇತಿಹಾಸಕಾರರ ಕೈಯಲ್ಲಿ ಇರುವುದಿಲ್ಲ.

ಅವನ ಅರಮನೆಗಳ ಮರದ ಕಂಬಗಳೂ ಮಾಡುಗಳೂ ಹೋದವು. ದಿವಾನ್-ಎ-ಆಮ್‌ನಲ್ಲಿ ಕಂಬಗಳನ್ನು ನಿಲ್ಲಿಸಿದ್ದ ಕಲ್ಲಿನ ಪೀಠಗಳಷ್ಟೇ ಉಳಿದಿವೆ. ಹೆಂಚುಗಳಲ್ಲಿ ಹೆಚ್ಚಿನವು ಉದುರಿದವು. ಕಂದಕಗಳು ಮಾತ್ರ ಕಡಿದಂದಿನಂತೆಯೇ ಇವೆ. ಮಳೆಗಾಲದಲ್ಲಿ ಅವುಗಳ ಕೆಂಪು ಬದಿಗಳಿಂದ ನೀರು ಜಿನುಗುತ್ತದೆ, ಹಾರೆಯ ಗುರುತುಗಳು ಒದ್ದೆಯಾಗಿ ಎದ್ದು ಕಾಣುತ್ತವೆ.